ಹಳೆ ಬಟ್ಟೆ ಅಂಗಡಿಯ ಹಸಿರು ಕೋಟು

ಹಸಿರು ಕೋಟಿನ ಎಡಗಡೆಯ ಲೈನಿಂಗಿನ ಒಳಗೆ, ಕಂಕುಳಿಗಿಂತ ನಾಲ್ಕು ಬೆರಳು ಕೆಳಗೆ ಕೈ ಆಡಿಸಿದೆ. ಜೇಬು ಅಲ್ಲೇ ಇತ್ತು.

ಅಂಗಡಿಯಲ್ಲಿ ಕೊಳ್ಳುವ ಯಾವ ಕೋಟಿಗೂ ಆ ಜಾಗದಲ್ಲಿ ಜೇಬು ಇರುವುದಿಲ್ಲ. ಇದನ್ನು ಇಟ್ಟವಳು ನಾನು. ಎರಡು ತಿಂಗಳ ಹಿಂದೆ ಅಕ್ಕ ಬಸ್ಸಿನಲ್ಲಿ ಪರ್ಸ್ ಕಳೆದುಕೊಂಡಾಗ, ನನ್ನ ಹಳೆ ದುಪಟ್ಟಾದ ತುಂಡು ಕತ್ತರಿಸಿ ಹೊಲಿದುಕೊಟ್ಟಿದ್ದೆ. ಆ ಬಟ್ಟೆ ಬೆರಳಿಗೆ ಸಿಕ್ಕಿದ್ದೇ ತಡ, ಟ್ರಯಲ್ ರೂಮಿನ ಸ್ಟೂಲಿನ ಮೇಲೆ ಕುಳಿತುಬಿಟ್ಟೆ.

ಅಕ್ಕ ಎಂದರೆ ಒಡಹುಟ್ಟಿದವಳಲ್ಲ. ಹೊಲಿಗೆ ಶಾಲೆಯ ಹಾಸ್ಟೆಲಿನಲ್ಲಿ ನನ್ನ ಪಕ್ಕದ ಮಂಚದವಳು. ಕಳೆದ ವಾರದ ಬಿಡುವಿನ ದಿನ ಇದೇ ಹಸಿರು ಕೋಟು ತೊಟ್ಟು, ಅದರ ಟೋಪಿಯನ್ನು ತಲೆಗೆ ಎಳೆದುಕೊಂಡು ಗೇಟು ದಾಟಿ ಹೋದಳು, ಮತ್ತೆ ಬರಲಿಲ್ಲ. ಗೇಟಿನ ಕ್ಯಾಮೆರಾದಲ್ಲಿ ಅವಳ ಬೆನ್ನು ಮಾತ್ರ ಕಂಡಿತ್ತು. ಊರಿಗೂ ಹೋಗಿಲ್ಲ. ಅವಳ ತಾಯಿ ದಿನಾ ನನಗೆ ಫೋನ್ ಮಾಡಿ ಅಳುತ್ತಾರೆ. "ಆ ದೇಶದಲ್ಲಿ ನಂಗೆ ನಿನ್ನ ಬಿಟ್ರೆ ಯಾರಿದ್ದಾರೆ ಹೇಳು? ನೀನೇ ಹುಡುಕ್ಬೇಕು ಮಗಳೇ."

ಹುಡುಕುತ್ತೇನೆ ಎಂದು ಮಾತು ಕೊಟ್ಟಿದ್ದೆ. ವಾರಕ್ಕೊಂದೇ ಬಿಡುವಿನ ದಿನ, ಅದೂ ಸಂಜೆ ಆರರವರೆಗೆ. ಉಳಿದವರು ಪೇಟೆ ಸುತ್ತಲು ಹೊರಟರೆ ನಾನು ಅಕ್ಕನ ಜಾಡು ಹಿಡಿದು ಹೊರಟಿದ್ದೆ.

ಜೊತೆಗೆ ಬಾಬಿನ್ ಬಂದಿದ್ದಳು. ಗಿಡ್ಡಗೆ, ಗುಂಡಗೆ, ಒಂದು ನಿಮಿಷ ಸುತ್ತದೆ ಇರಲಾರದ ಹುಡುಗಿ. ಮಷಿನ್ನಿನಲ್ಲಿ ಸುತ್ತುವ ದಾರದ ಉರುಳೆಯ ಆ ಹೆಸರನ್ನು ಕ್ಲಾಸಿನಲ್ಲಿ ಇಟ್ಟ ದಿನದಿಂದ ಅವಳ ನಿಜವಾದ ಹೆಸರು ಹಾಜರಿ ಪುಸ್ತಕಕ್ಕೆ ಮಾತ್ರ. ಬೆಳಿಗ್ಗೆಯಿಂದ ನನ್ನನ್ನು ಊರೆಲ್ಲ ಎಳೆದಾಡಿದ್ದಳು. ನದಿಯ ಸೇತುವೆ, ಗಡಿಯಾರದ ಗೋಪುರ, ಗುಂಡಿಗಳನ್ನಷ್ಟೇ ಮಾರುವ ಒಂದು ಉದ್ದನೆಯ ಅಂಗಡಿ. ಅಲ್ಲಿ ಗಾಜಿನ ಗುಂಡಿ, ಕೊಂಬಿನ ಗುಂಡಿ ಎಂದು ಅರ್ಧ ಗಂಟೆ ಚೌಕಾಸಿ ಮಾಡಿ ಕೊನೆಗೆ ಆರು ಗುಂಡಿ ತೆಗೆದುಕೊಂಡಳು. ಅಂಗಡಿಯವನು ಕೈ ಮುಗಿಯುವುದೊಂದು ಬಾಕಿ.

ಈ ಬೀದಿಗೆ ಬಂದಾಗ ಮಾತ್ರ ಅವಳ ಕಾಲು ಬೇರೆ ಕಡೆಗೆ ತಿರುಗಿತ್ತು.

"ಆ ಕಡೆ ಏನೂ ಇಲ್ಲ ಕಣೆ. ಹಳೆ ಬಟ್ಟೆ, ಮುಗ್ಗಲು ವಾಸನೆ. ಬಾ."

ಎರಡು ಸಲ ತೋಳು ಹಿಡಿದು ಎಳೆದಳು. ಅಂಗಡಿಯ ಬಾಗಿಲು ತೆರೆದಿದ್ದರೆ ಒಳಗೆ ಇಣುಕದೆ ಮುಂದೆ ಹೋದ ಬಾಬಿನ್‌ಳನ್ನು ನಾನು ಈ ಐದು ತಿಂಗಳಲ್ಲಿ ಕಂಡಿರಲಿಲ್ಲ. ಅದಕ್ಕೇ ತಿರುಗಿ ನೋಡಿದೆ. ಗಾಜಿನ ಹಿಂದೆ, ಕಂದು ಕೋಟುಗಳ ಸಾಲಿನಲ್ಲಿ ಹಸಿರು ಕಂಡಿತು. ಅವಳು ಬೀದಿಬದಿಯಲ್ಲಿ ಕೈಚೀಲಗಳ ರಾಶಿಗೆ ಬಗ್ಗಿದ ಹೊತ್ತಿನಲ್ಲಿ ನಾನು ಒಳಗೆ ನುಸುಳಿದೆ.

ಕೋಟನ್ನು ಎದೆಗೆ ಅವುಚಿಕೊಂಡು ಟ್ರಯಲ್ ರೂಮಿನಿಂದ ಹೊರಬಂದೆ. ಗಲ್ಲಾದ ಹಿಂದೆ ಅಂಗಡಿಯ ಅಜ್ಜಿ ಸ್ವೆಟರ್ ಹೆಣೆಯುತ್ತಿದ್ದರು. ಇಲ್ಲಿಯ ಭಾಷೆ ನನಗೆ ಕೇಳಿದರೆ ಅರ್ಥವಾಗುತ್ತದೆ, ಆಡಲು ಮಾತ್ರ ಅಳತೆ, ಬಣ್ಣ, ಬೆಲೆ ಕೇಳುವಷ್ಟೇ ಬರುತ್ತದೆ. ತಡವರಿಸಿ ಕೇಳಿದೆ.

"ಇದನ್ನ ಯಾರು ತಂದ್ಕೊಟ್ರು?"

ಅಜ್ಜಿ ಕನ್ನಡಕದ ಮೇಲಿನಿಂದ ನೋಡಿದರು. "ತಂದವರ ವಿಷಯ ನಾನು ಬಾಯಿ ಬಿಡಲ್ಲ ಹುಡುಗಿ. ಗಂಡ ಸತ್ರೂ ಬಟ್ಟೆ ತರ್ತಾರೆ, ಗಂಡನ್ನ ಬಿಟ್ರೂ ಬಟ್ಟೆ ತರ್ತಾರೆ. ಕಥೆ ಕೇಳ್ತಾ ಕೂತ್ರೆ ವ್ಯಾಪಾರ ಆದ ಹಾಗೇ."

"ಯಾವತ್ತು ಬಂತು? ಅದನ್ನಾದ್ರೂ ಹೇಳಿ."

"ಹೋದ ವಾರ ಇದೇ ದಿನ. ಮಧ್ಯಾಹ್ನ."

ಅಂದರೆ ಗೇಟು ದಾಟಿ ಐದಾರು ಗಂಟೆಯೊಳಗೆ. ಮೈಮೇಲಿನ ಕೋಟು ಬಿಚ್ಚಿ ಮಾರಿ ಈ ಚಳಿಯಲ್ಲಿ ಅವಳು ಎಲ್ಲಿಗೆ ಹೋದಳು? ಅಥವಾ ಅವಳ ಮೈಮೇಲಿನಿಂದ ಯಾರಾದರೂ ಬಿಚ್ಚಿಕೊಂಡರೇ?

ನನಗೆ ನೆನಪಾದದ್ದು ಒಬ್ಬರೇ.

ದೊಡ್ಡಮ್ಮನ ನಂಬರಿಗೆ ಫೋನ್ ಮಾಡಿದೆ.

ಶಾಲೆ, ಹಾಸ್ಟೆಲು ಎರಡೂ ಅವರದೇ. ನಮ್ಮ ಕಡೆಯವರು, ಮೂವತ್ತು ವರ್ಷದಿಂದ ಇಲ್ಲಿದ್ದಾರೆ. ನಲವತ್ತು ಹುಡುಗಿಯರೂ ಅವರನ್ನು ದೊಡ್ಡಮ್ಮ ಎಂದೇ ಕರೆಯುವುದು. ನನಗೆ ಸೂಜಿ ಹಿಡಿಯುವುದನ್ನು ಸರಿಯಾಗಿ ಕಲಿಸಿದ್ದು ಆ ಕೈಗಳೇ. ಅಕ್ಕ ಹೋದ ದಿನ ರಾತ್ರಿ ನನ್ನ ತಲೆ ಸವರಿ, "ಏನೇ ಸಣ್ಣ ಸುಳಿವು ಸಿಕ್ಕಿದ್ರೂ ಮೊದಲು ನಂಗೆ ಹೇಳು ಕಂದ" ಎಂದಿದ್ದರು.

ಹೇಳಿದೆ. ಅಂಗಡಿಯ ಗುರುತನ್ನೂ ಹೇಳಿದೆ.

ದೊಡ್ಡಮ್ಮ ಮೆಲ್ಲಗೆ, "ಜಾಣೆ ನೀನು. ಕೋಟನ್ನ ಯಾರ ಕೈಗೂ ಕೊಡ್ಬೇಡ. ಅಲ್ಲೇ ಇರು, ಅರ್ಧ ಗಂಟೆಯಲ್ಲಿ ಬಂದೆ" ಎಂದರು.

ಎದೆಯ ಭಾರ ಇಳಿದಂತಾಯಿತು. ಟ್ರಯಲ್ ರೂಮಿಗೆ ಹಿಂತಿರುಗಿ ಕೋಟನ್ನು ಮೊಳೆಗೆ ನೇತುಹಾಕಿದೆ. ಸುಮ್ಮನೆ ನೋಡುತ್ತಾ ನಿಂತೆ.

ನೋಡುತ್ತಾ ನೋಡುತ್ತಾ ಏನೋ ಸರಿಯಿಲ್ಲ ಅನ್ನಿಸಿತು. ತೋಳು.

ಬ್ಯಾಗಿನಿಂದ ಅಳತೆ ಟೇಪು ತೆಗೆದೆ. ಭುಜದಿಂದ ಮುಂಗೈಗೆ ಇಪ್ಪತ್ತೊಂದು ಇಂಚು. ಅಕ್ಕನ ತೋಳು ಇಪ್ಪತ್ತಮೂರೂವರೆ. ಶಾಲೆಯಲ್ಲಿ ಕಲಿತ ಮಗ್ಗಿ ಮರೆತಿದ್ದೇನೆ, ಒಮ್ಮೆ ಟೇಪು ಹಿಡಿದು ತೆಗೆದ ಅಳತೆ ಮರೆತಿಲ್ಲ.

ತೋಳಿನ ತುದಿ ತಿರುಗಿಸಿದೆ. ಎರಡೂವರೆ ಇಂಚು ಒಳಗೆ ಮಡಚಿ, ಲೈನಿಂಗನ್ನು ಕೈಯಲ್ಲೇ ಕೂಡಿಸಿ ಹೊಲಿದಿದ್ದರು. ಗುಂಡಿಗಳನ್ನು ನೋಡಿದೆ. ಮೂರೂ ಗುಂಡಿ ಒಂದೂವರೆ ಇಂಚು ಅಂಚಿನ ಕಡೆಗೆ ಸರಿದಿದ್ದವು. ಮೊದಲಿದ್ದ ಜಾಗದಲ್ಲಿ ಬಣ್ಣ ಮಾಸದ ಮೂರು ವೃತ್ತ ಕಾಣುತ್ತಿದ್ದವು.

ಅಕ್ಕನಿಗಿಂತ ಗಿಡ್ಡ. ಅಕ್ಕನಿಗಿಂತ ದಪ್ಪ. ಈ ಕೋಟು ತೊಟ್ಟು ಗೇಟು ದಾಟಿದ್ದು ಅಕ್ಕನಲ್ಲ.

ಹೊಲಿಗೆಯ ಮೇಲೆ ಬೆರಳು ಸವರಿದೆ. ಆರು ಹೊಲಿಗೆ, ಒಂದು ಪುಟ್ಟ ಗಂಟು. ಮತ್ತೆ ಆರು, ಮತ್ತೊಂದು ಗಂಟು. ದಾರ ಒಂದು ಕಡೆ ಹರಿದರೂ ಮಡಿಕೆ ಪೂರ್ತಿ ಬಿಚ್ಚಿಕೊಳ್ಳಬಾರದು ಎಂದು ಹಾಗೆ ಮಾಡುವುದು. ನಮ್ಮ ಕ್ಲಾಸಿನಲ್ಲಿ ಅಷ್ಟು ತಾಳ್ಮೆ ಇರುವವಳು ಒಬ್ಬಳೇ.

ಅಕ್ಕನೇ ಕುಳಿತು ತನ್ನ ಕೋಟನ್ನು ಇನ್ನೊಬ್ಬಳ ಮೈಗೆ ತಿದ್ದಿದ್ದಳು.

ಇಪ್ಪತ್ತೊಂದು ಇಂಚಿನ ತೋಳು ಯಾರದು ಎಂದು ನಾನು ಯೋಚಿಸಬೇಕಾಗಲೇ ಇಲ್ಲ.

"ಏ ಮೌನಗೌರಿ! ಒಳಗೇ ಸಂಸಾರ ಹೂಡಿದ್ಯಾ ಹೇಗೆ?" ಪರದೆ ಸರಿಯಿತು. ಬಾಬಿನ್ ನಗುತ್ತಲೇ ಒಳಗೆ ತಲೆ ಹಾಕಿದಳು. ಕೋಟು ಕಂಡಿತು. ನಗು ಅರ್ಧಕ್ಕೇ ನಿಂತಿತು.

"ಹಾಕ್ಕೋ" ಎಂದೆ.

"ನಂಗ್ಯಾಕೆ? ಆ ಬಣ್ಣ ನಂಗೆ ಒಪ್ಪಲ್ಲ."

"ಹಾಕ್ಕೋ ಬಾಬಿನ್."

"ತಮಾಷೆ ಮಾಡ್ಬೇಡ ಕಣೆ. ಬಾ, ಆ ಕಡೆ ಬೂಟು ಅಗ್ಗ..."

ನಾನು ಜೋರಾಗಿ ಮಾತಾಡುವವಳಲ್ಲ. ಆಗಲೂ ಆಡಲಿಲ್ಲ. ಕೋಟನ್ನು ಹಿಡಿದು ನಿಂತೇ ಇದ್ದೆ. ಅವಳು ನನ್ನ ಮುಖ ನೋಡಿದಳು, ಪರದೆಯನ್ನು ತನ್ನ ಹಿಂದೆ ಎಳೆದುಕೊಂಡಳು, ಒಂದೊಂದೇ ತೋಳು ತೂರಿಸಿದಳು. ತೋಳು ಮಣಿಕಟ್ಟಿಗೆ ಸರಿಯಾಗಿ ನಿಂತಿತು. ಗುಂಡಿ ಸಲೀಸಾಗಿ ಕೂತಿತು.

"ಅಕ್ಕ ಎಲ್ಲಿ?"

ಬಾಬಿನ್‌ಳ ಕಣ್ಣು ತುಂಬಿತು. "ನಿಂಗೆ ಹೇಳ್ಬಾರ್ದು ಅಂತ ಅವಳೇ ಆಣೆ ಹಾಕ್ಸಿದ್ಲು. ನಿಂಗೆ ಸುಳ್ಳು ಹೇಳೋಕೆ ಬರಲ್ಲ, ಮುಖದಲ್ಲೇ ಎಲ್ಲ ಕಾಣುತ್ತೆ ಅಂತ."

"ಎಲ್ಲಿ?"

"ಹಾಸ್ಟೆಲಲ್ಲೇ. ಮೇಲೆ, ಕೆಟ್ಟ ಮಷಿನ್ ತುಂಬಿರೋ ಕೋಣೇಲಿ."

ನಾನು ದಿನಾ ರಾತ್ರಿ ಅಳುತ್ತಾ ಮಲಗಿದ್ದ ಮಂಚದ ನೆತ್ತಿಯ ಮೇಲೆ.

"ನಾನು ತೆಳ್ಳಗಾಗಿದೀನಿ, ನೋಡಿಲ್ವಾ?" ಬಾಬಿನ್ ಮೂಗು ಒರೆಸಿಕೊಂಡಳು. "ವಾರದಿಂದ ನನ್ನ ಬ್ರೆಡ್ಡಲ್ಲಿ ಅರ್ಧ ಅವಳಿಗೆ. ಅವತ್ತು ನಾನು ಈ ಕೋಟಲ್ಲಿ ಹೊರಗೆ ಹೋದೆ, ಅವಳ ಗೇಟ್ ಪಾಸ್ ತೋರ್ಸಿ. ಸಂಜೆ ಆರಕ್ಕೆ ನಲವತ್ತು ಜನ ಒಟ್ಟಿಗೆ ನುಗ್ತೀವಲ್ಲ, ಆ ಗುಂಪಲ್ಲಿ ಒಳಗೆ ಬಂದೆ. ಗೇಟಿನವನು ತಲೆ ಎಣಿಸ್ತಾನಾ?"

"ಯಾಕೆ? ಇದೆಲ್ಲ ಯಾಕೆ?"

ಅವಳು ದನಿ ತಗ್ಗಿಸಿದಳು. "ದೊಡ್ಡಮ್ಮನ ಕಪಾಟಲ್ಲಿ ನಮ್ಮೆಲ್ಲರ ಪಾಸ್‌ಪೋರ್ಟ್ ಇದೆಯಲ್ಲ. ತನ್ನದು ಕೇಳೋಕೆ ಹೋದಾಗ ಅಕ್ಕ ಒಳಗೆ ನೋಡಿದ್ಲು. ಹಿಂದಿನ ಬ್ಯಾಚಿನ ಮೂರು ಹುಡುಗೀರು, ಕೋರ್ಸ್ ಮುಗಿಸಿ ಊರಿಗೆ ಹೋದ್ರು ಅಂತ ದೊಡ್ಡಮ್ಮ ಹೇಳ್ತಾರಲ್ಲ? ಅವರ ಪಾಸ್‌ಪೋರ್ಟ್ ಇನ್ನೂ ಅಲ್ಲೇ ಇವೆ ಕಣೆ. ಅದಿಲ್ದೆ ಅವರು ಯಾವ ವಿಮಾನ ಹತ್ತಿದ್ರು?"

ಟ್ರಯಲ್ ರೂಮಿನ ಬಲ್ಬು ಗುಂಯ್ ಎನ್ನುತ್ತಿತ್ತು.

"ಅಕ್ಕ ಅದನ್ನ ನೋಡಿದ್ದು ದೊಡ್ಡಮ್ಮನ ಕಣ್ಣಿಗೆ ಬಿತ್ತು. ಆವತ್ತಿಂದ ನೆರಳಿನ ಹಾಗೆ ಹಿಂದೆ. ಅದಕ್ಕೇ, ಅವಳು ಹೋದ್ಲು ಅಂತ ನಂಬಿಸ್ಬೇಕಿತ್ತು. ಇವತ್ತು ಹಾಸ್ಟೆಲ್ ಖಾಲಿ, ದೊಡ್ಡಮ್ಮ ಹೊರಗೆ. ಕೀಲಿ ಹೇಗೋ ಹೊಂದಿಸಿದಾಳೆ. ನಾಲ್ಕಕ್ಕೆ ಆ ಮೂರೂ ತಗೊಂಡು, ತನ್ನದೂ ತಗೊಂಡು, ಅಡುಗೆಮನೆ ಬಾಗಿಲಿಂದ ಹೊರಗೆ. ನೇರವಾಗಿ ಪೊಲೀಸ್ ಹತ್ರ."

"ಕೋಟು ಇಲ್ಲಿಗೆ ಹೇಗೆ ಬಂತು?"

ಬಾಬಿನ್ ನೆಲ ನೋಡಿದಳು. "ಬಸ್ ಸ್ಟ್ಯಾಂಡಿನ ಕಸದ ಡಬ್ಬಿಗೆ ಹಾಕು ಅಂದಿದ್ಲು. ಇಂಥಾ ಉಣ್ಣೆ ಕಣೆ, ಇಂಥಾ ಹೊಲಿಗೆ... ಬಿಸಾಕೋಕೆ ಕೈ ಬರ್ಲಿಲ್ಲ. ಇಲ್ಲಿ ಕೊಟ್ಟು ಬೂಟು ತಗೊಂಡೆ." ಕಾಲನ್ನು ಸ್ಟೂಲಿನ ಹಿಂದಕ್ಕೆ ಸರಿಸಿದಳು. "ಬೈಯೋದಾದ್ರೆ ಆಮೇಲೆ ಬೈಯಿ. ನೀನು ಇದನ್ನ ಯಾರಿಗೂ ಹೇಳಿಲ್ಲ ತಾನೆ?"

ನಾನು ಫೋನಿನಲ್ಲಿ ಸಮಯ ನೋಡಿದೆ.

"ಹೇಳೇ!"

"ದೊಡ್ಡಮ್ಮ ಬರ್ತಿದಾರೆ. ಇಪ್ಪತ್ತು ನಿಮಿಷ."

ಬಾಬಿನ್ ಬಾಯಿಗೆ ಕೈ ಹಿಡಿದಳು. ಓಡಿಹೋಗಬಹುದಿತ್ತು. ಓಡಿದರೆ ದೊಡ್ಡಮ್ಮ ಅನುಮಾನದಿಂದ ಮೊದಲು ತಿರುಗುವುದು ಹಾಸ್ಟೆಲಿನ ಕಡೆಗೆ. ನಾಲ್ಕರವರೆಗೆ ಅವರು ಇಲ್ಲೇ ಇರಬೇಕು. ಆದರೆ ನಾನು ಓದಿದ್ದನ್ನು ಈ ತೋಳಿನಲ್ಲಿ ಅವರು ನನಗಿಂತ ಬೇಗ ಓದಬಲ್ಲರು. ಓದುವುದನ್ನು ನನಗೆ ಕಲಿಸಿದ್ದೇ ಅವರು.

"ಬಿಚ್ಚು" ಎಂದೆ. "ಕತ್ತರಿ ಕೊಡು."

ಬಲತೋಳಿನ ಮಡಿಕೆ ಬಿಚ್ಚಿದೆ. ಗಂಟಿಗೊಮ್ಮೆ ದಾರ ತಡೆಯುತ್ತಿತ್ತು. ಅಕ್ಕನ ತಾಳ್ಮೆಯನ್ನು ಮೊದಲ ಸಲ ಶಪಿಸಿದೆ. ಎಡತೋಳು. ಬಾಬಿನ್ ಹೊರಗೆ ಓಡಿ ಅಜ್ಜಿಯ ಹತ್ತಿರ ಏನೇನೋ ಗೋಗರೆದು ಇಸ್ತ್ರಿ ಪೆಟ್ಟಿಗೆ ತಂದಳು. ಮಡಿಕೆಯ ಗೆರೆಯ ಮೇಲೆ ಹಬೆ ಹಾಯಿಸಿದೆವು, ಒದ್ದೆ ಬಟ್ಟೆ ಹಾಕಿ ಒತ್ತಿದೆವು. ಗೆರೆ ಮಸುಕಾಯಿತು. ಲೈನಿಂಗನ್ನು ಹಳೆಯ ತೂತುಗಳಲ್ಲೇ ಸೂಜಿ ಹಾಯಿಸಿ ಕೂಡಿಸಿದೆ.

"ಗುಂಡಿ ಹಳೇ ಜಾಗಕ್ಕೆ ನಾನು ಹಾಕ್ಲಾ?"

"ನೀನು ಮುಟ್ಬೇಡ. ನಿನ್ನ ಹೊಲಿಗೆ ದೊಡ್ಡಮ್ಮ ಕಣ್ಣು ಮುಚ್ಚಿ ಗುರುತು ಹಿಡೀತಾರೆ."

"ಅಷ್ಟು ಕೆಟ್ಟದಾಗಿಲ್ಲ..."

"ಇದೆ."

ಮೂರನೇ ಗುಂಡಿಯ ಕೊನೆಯ ಸುತ್ತು ಸುತ್ತುವಾಗ ಬಾಗಿಲ ಗಂಟೆ ಸದ್ದಾಯಿತು. ಬಾಬಿನ್‌ಳನ್ನು ಒಳಗೇ ಬಿಟ್ಟು ಪರದೆ ಎಳೆದು ಹೊರಗೆ ಬಂದೆ. ಗೋಡೆಯ ಗಡಿಯಾರದಲ್ಲಿ ಮೂರೂ ಹತ್ತು.

ದೊಡ್ಡಮ್ಮ ಕೈಗವಸು ಕಳಚುತ್ತಾ ಬಂದರು. ನನ್ನ ಕೆನ್ನೆ ತಟ್ಟಿದರು. "ಎಲ್ಲಿ, ಕೊಡು."

ಕೊಟ್ಟೆ. ಅವರು ಕೋಟನ್ನು ಗಲ್ಲಾದ ಮೇಲೆ ಹರಡಿ, ಮಲಗಿರುವ ಮಗುವನ್ನು ಮುಟ್ಟುವಷ್ಟು ಹಗುರವಾಗಿ ಕೈಯಾಡಿಸಿದರು. ಕಾಲರು. ಜೇಬು. ತೋಳು.

"ಬೆಚ್ಚಗಿದೆಯಲ್ಲ" ಎಂದರು.

ಸುಳ್ಳು ತಾನಾಗಿಯೇ ಬಾಯಿಗೆ ಬಂತು. "ಅಂಗಡಿಯವರು ಇಸ್ತ್ರಿ ಮಾಡಿ ಕೊಟ್ರು ದೊಡ್ಡಮ್ಮ."

ದೊಡ್ಡಮ್ಮ ಅಜ್ಜಿಯ ಕಡೆ ತಿರುಗಿ ಅವರ ಭಾಷೆಯಲ್ಲಿ ಕೇಳಿದರು. ಅಜ್ಜಿಯ ಹೆಣೆಯುವ ಕಡ್ಡಿ ನಿಲ್ಲಲಿಲ್ಲ. "ಮತ್ತಿನ್ನೇನು, ಸುಕ್ಕು ಸುಕ್ಕಾಗಿ ಮಾರ್ತೀನಾ?" ಎಂದು ಗೊಣಗಿದರು.

ಆ ಅಜ್ಜಿಗೆ ನಾನು ಜನ್ಮವಿಡೀ ಋಣಿ.

"ತಂದ್ಕೊಟ್ಟಿದ್ದು ಯಾರಂತೆ?"

"ಹೇಳಲ್ಲವಂತೆ."

"ಅವಳೇ ಇರ್ಬೇಕು." ದೊಡ್ಡಮ್ಮ ನಿಟ್ಟುಸಿರು ಬಿಟ್ಟರು. "ಕೋಟು ಮಾರಿ ಬಸ್ಸಿಗೆ ಹಣ ಮಾಡ್ಕೊಂಡಿದಾಳೆ. ಬೇರೆ ಊರಿಗೆ ಹೋಗಿರ್ತಾಳೆ. ಹೆತ್ತವಳ ಗತಿ ಏನು ಅಂತ ಒಂದು ಸಲನಾದ್ರೂ ಯೋಚಿಸಿದ್ಲಾ, ಹೇಳು?"

"ಇಲ್ಲ ದೊಡ್ಡಮ್ಮ."

"ನೀನು ಎಷ್ಟು ಅತ್ತೆ ಅವಳಿಗೋಸ್ಕರ. ಬಾ, ಎಲ್ಲಾದ್ರೂ ಕೂತು ಬಿಸಿಯಾಗಿ ಏನಾದ್ರೂ ಕುಡಿಯೋಣ. ಮುಖ ಬಿಳಿಚ್ಕೊಂಡಿದೆ ನಿಂದು."

ಕುಡಿಯುವುದು, ಮಾತು, ದಾರಿ. ನಾಲ್ಕು ದಾಟುತ್ತದೆ. ನನಗೆ ಸುಳ್ಳು ಹೇಳಲು ಬರುವುದಿಲ್ಲ ಎಂದ ಅಕ್ಕನಿಗೆ ಇದನ್ನೊಂದು ದಿನ ಹೇಳಬೇಕು ಎಂದುಕೊಂಡೆ.

ದೊಡ್ಡಮ್ಮ ನನ್ನ ಹೆಗಲ ಮೇಲೆ ಕೈಯಿಟ್ಟರು. ಆ ಕೈ ಅಲ್ಲೇ ನಿಂತಿತು.

ನಮ್ಮ ಕ್ಲಾಸಿನಲ್ಲಿ ಬಿಚ್ಚಿದ ದಾರದ ಚೂರು ನೆಲಕ್ಕೆ ಬೀಳಬಾರದು. ಮಷಿನ್ನಿಗೆ ಸಿಕ್ಕಿಕೊಳ್ಳುತ್ತದೆ. ಅದಕ್ಕೆ ಒಂದೊಂದೇ ಚೂರನ್ನು ಎಡಹೆಗಲ ಬಟ್ಟೆಗೆ ಅಂಟಿಸಿಕೊಳ್ಳುತ್ತೇವೆ, ಕೆಲಸ ಮುಗಿದ ಮೇಲೆ ಒಟ್ಟಿಗೆ ತೆಗೆದುಹಾಕುತ್ತೇವೆ. ಐದು ತಿಂಗಳಲ್ಲಿ ಅದು ಉಸಿರಾಡುವಷ್ಟು ರೂಢಿಯಾಗಿತ್ತು. ಟ್ರಯಲ್ ರೂಮಿನಲ್ಲೂ ನನ್ನ ಕೈ ನನ್ನನ್ನು ಕೇಳದೆ ಅದನ್ನೇ ಮಾಡಿತ್ತು.

ದೊಡ್ಡಮ್ಮ ಒಂದು ಚೂರನ್ನು ಎರಡು ಬೆರಳಲ್ಲಿ ಎತ್ತಿ ಬೆಳಕಿಗೆ ಹಿಡಿದರು. ಇನ್ನೊಂದು. ಮತ್ತೊಂದು. ದಾರದಲ್ಲಿನ ಪುಟ್ಟ ಗಂಟುಗಳನ್ನು ಉಗುರಿನಿಂದ ಮುಟ್ಟಿ ನೋಡಿದರು. ಆಮೇಲೆ ತೋಳಿನ ತುದಿಯನ್ನು ತಿರುಗಿಸಿದರು. ಗುಂಡಿಯ ಪಕ್ಕ, ಒಂದೂವರೆ ಇಂಚು ಆಚೆ, ಗುಂಡಿ ಕಿತ್ತ ತೂತುಗಳನ್ನು ಹೆಬ್ಬೆರಳಿನಿಂದ ಸವರಿದರು.

ಅವರ ಮುಖದಲ್ಲಿ ಸಿಟ್ಟು ಇರಲಿಲ್ಲ. ನನ್ನ ಹೊಲಿಗೆ ತಿದ್ದುವಾಗ ಇರುತ್ತಿದ್ದ ಅದೇ ಗಮನ.

"ಒಳಗಿರೋಳು ಹೊರಗೆ ಬಾರಮ್ಮ ಬಾಬಿನ್" ಎಂದರು, ಪರದೆಯ ಕಡೆ ತಿರುಗದೆ. "ನಿನ್ನ ತೋಳು ಇಪ್ಪತ್ತೊಂದು ಅಲ್ವಾ?"

ಪರದೆ ಅಲುಗಿತು. ಬಾಬಿನ್ ಹೊರಗೆ ಬಂದು ನನ್ನ ಬೆನ್ನಿಗೆ ಅಂಟಿ ನಿಂತಳು.

"ಅಂದ್ರೆ ಅವಳು ಗೇಟು ದಾಟೇ ಇಲ್ಲ" ಎಂದರು ದೊಡ್ಡಮ್ಮ, ತಮಗೇ ಹೇಳಿಕೊಳ್ಳುವಂತೆ. ಫೋನ್ ತೆಗೆದರು. ನಾನು ಅವರ ಮಣಿಕಟ್ಟು ಹಿಡಿದೆ. ಯಾವತ್ತೂ ಹಿರಿಯರ ಮೈ ಮುಟ್ಟಿ ಮಾತಾಡಿದವಳಲ್ಲ ನಾನು. ಅವರು ನನ್ನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದರು, ಮೆಲ್ಲಗೆ, ನೋವಾಗದ ಹಾಗೆ.

ಅಂಗಡಿ ಎಷ್ಟು ಚಿಕ್ಕದೆಂದರೆ, ಆ ಕಡೆಯ ಗೇಟಿನವನ ದನಿ ನನಗೂ ಕೇಳಿಸುತ್ತಿತ್ತು.

"ಒಳಗೆ ಯಾರಾದ್ರೂ ಇದಾರಾ?"

"ಯಾರೂ ಇಲ್ಲ ಅಮ್ಮಾವ್ರೇ. ನೀವೇ ತಾನೆ ಇರೋದು?"

"ನಾನು ಹೊರಗಿದೀನಿ."

ಅವನು ತಡವರಿಸಿದ. "ಮತ್ತೆ ನಿಮ್ಮ ಕೋಣೇಲಿ ದೀಪ ಹತ್ಕೊಂಡಿದೆ. ಕಪಾಟು ತೆಗೆದ ಸದ್ದೂ ಬಂತು. ನಾನು ಊಟಕ್ಕೆ ಕೂತಾಗ ನೀವು ಬಂದ್ರೇನೋ ಅಂದ್ಕೊಂಡೆ."

ಗಡಿಯಾರದಲ್ಲಿ ಮೂರೂ ಇಪ್ಪತ್ತು. ಅಕ್ಕ ನಾಲ್ಕರವರೆಗೆ ಕಾದಿರಲಿಲ್ಲ.

"ಸದ್ದು ಮಾಡದೆ ಮೇಲೆ ಹೋಗು" ಎಂದರು ದೊಡ್ಡಮ್ಮ. ಕಣ್ಣು ನನ್ನ ಮೇಲೇ ಇತ್ತು. "ಬಾಗಿಲನ್ನ ಹೊರಗಿನಿಂದ ಹಾಕು. ಫೋನ್ ಇಡ್ಬೇಡ."

ಮೆಟ್ಟಿಲು ಹತ್ತುವ ಬೂಟುಗಳು. ಹನ್ನೊಂದು, ಹನ್ನೆರಡು, ಹದಿಮೂರು. ನಂತರ ಏನೂ ಇಲ್ಲ.

ನಾನು ಫೋನಿನ ಕಡೆಗೆ ಬಾಗಿ, ನನಗೇ ಗೊತ್ತಿಲ್ಲದಷ್ಟು ಗಟ್ಟಿಯಾಗಿ ಕೂಗಿದೆ.

"ಅಕ್ಕಾ! ಓಡು!"

ಆ ಕಡೆ ಹೊರಗಿನಿಂದ ಚಿಲಕ ಬಿದ್ದ ಸದ್ದು ಬಂತು, ಅದರ ಹಿಂದೆಯೇ ಒಳಗಿನಿಂದ ಬಾಗಿಲು ಬಡಿಯುವ ಸದ್ದು.